ಹಳೆಯ ಆಕರಸೂಚಿ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲಿ ನಡೆಯದಿದ್ದಾಗ: ದೋಷ ಪತ್ತೆ ಮತ್ತು ನಿವಾರಣೆ

ಬಸವನಗುಡಿಯಲ್ಲಿರುವ ಇತಿಹಾಸದ ನಿವೃತ್ತ ಅಧ್ಯಾಪಕಿಯೊಬ್ಬರು ಕಳೆದ ಮಳೆಗಾಲದಲ್ಲಿ ಹೊಸ ಲ್ಯಾಪ್‌ಟಾಪನ್ನೂ ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ ಹಾರ್ಡ್ ಡಿಸ್ಕನ್ನೂ ಒಂದೇ ಬಟ್ಟೆಚೀಲದಲ್ಲಿಟ್ಟುಕೊಂಡು ನಾನು ಕೆಲಸ ಮಾಡುವ ಗ್ರಂಥಾಲಯಕ್ಕೆ ಬಂದರು. ಕರೆಂಟು ಏರಿಳಿದು ಹಳೆಯ ಯಂತ್ರಕ್ಕೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಸುಟ್ಟುಹೋಗಿತ್ತು. ಡಿಸ್ಕಿನಲ್ಲಿ ಶಾಸನಗಳು, ಗೆಜೆಟಿಯರುಗಳು ಮತ್ತು ಹಳೆಯ ಪತ್ರಿಕೆಗಳ ಲೇಖನಗಳಿಗೆ ಸೇರಿದ ನಾಲ್ಕು ಸಾವಿರಕ್ಕೂ ಹೆಚ್ಚು ದಾಖಲೆಗಳಿದ್ದವು. ಅವುಗಳನ್ನು ನೋಡಿಕೊಳ್ಳುತ್ತಿದ್ದ ಆಕರಸೂಚಿ ತಂತ್ರಾಂಶ, ಅಂದರೆ ಆಕರಗಳ ವಿವರ ಕೂಡಿಟ್ಟು ಬರಹಕ್ಕೆ ಉಲ್ಲೇಖಗಳನ್ನು ಸೇರಿಸುವ ತಂತ್ರಾಂಶ, ವಿಂಡೋಸ್ 98ರ ಕಾಲದ್ದು. "ನೋಡಪ್ಪ, ಪುಸ್ತಕದ ಅಡಿಟಿಪ್ಪಣಿಯೆಲ್ಲ ಇದರೊಳಗೇ ಇದೆ. ಹೊಸದರಲ್ಲಿ ಹಾಕಿದರೆ ತೆರೆಯುವುದೇ ಇಲ್ಲ" ಎಂದರು.

ಬೆಂಗಳೂರಿನ ಸಂಶೋಧಕರಲ್ಲಿ ಇಂಥ ಸ್ಥಿತಿಯಲ್ಲಿರುವವರು ಹಲವರಿದ್ದಾರೆ. ಪ್ರೋಸೈಟ್ ಎಂಬ ಇಂಥ ತಂತ್ರಾಂಶದ ಮಾರಾಟ 2013ರಲ್ಲಿ ನಿಂತಿತು, ರೆಫರೆನ್ಸ್ ಮ್ಯಾನೇಜರ್‌ನ ಮಾರಾಟ 2015ರ ಕೊನೆಗೆ ನಿಂತಿತು, ಮೆಂಡಲೇ ಡೆಸ್ಕ್‌ಟಾಪ್‌ನ ಡೌನ್‌ಲೋಡ್ 2022ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಎಂಡ್‌ನೋಟ್ ಇಂದಿಗೂ ಇದೆ. ಆದರೆ ಅದರ ಹಳೆಯ ಆವೃತ್ತಿಗಳನ್ನೇ ನೆಚ್ಚಿಕೊಂಡಿರುವವರು ಕಡಿಮೆಯಿಲ್ಲ. ದೋಷ ಹುಡುಕಲು ಕುಳಿತಾಗ ನಾನು ಮೊದಲು ಬೇರ್ಪಡಿಸಿ ನೋಡುವ ಸಂಗತಿಗಳು ಮೂರು: ತಂತ್ರಾಂಶವೇ ನಡೆಯುತ್ತಿಲ್ಲವೇ, ತಂತ್ರಾಂಶ ನಡೆದರೂ ದತ್ತಾಂಶದ ಫೈಲು ತೆರೆಯುತ್ತಿಲ್ಲವೇ, ಅಥವಾ ಎರಡೂ ಸರಿಯಿದ್ದು ವರ್ಡ್ ಜೊತೆಗಿನ ಕೊಂಡಿ ಮಾತ್ರ ಕಳಚಿದೆಯೇ. ಮೂರಕ್ಕೂ ಹೊರಗಿನ ಲಕ್ಷಣ ಒಂದೇ ರೀತಿ ಕಾಣುವುದರಿಂದ, ಕೊಂಡಿ ಕಳಚಿದವರು ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕುತ್ತಾರೆ. ತಂತ್ರಾಂಶ ನಡೆಯದವರು ದತ್ತಾಂಶ ಕೆಟ್ಟಿದೆಯೆಂದು ರಿಪೇರಿಗೆ ಇಳಿಯುತ್ತಾರೆ. ನಾನು ಕಂಡಿರುವ ನಷ್ಟಗಳಲ್ಲಿ ಹೆಚ್ಚಿನವು ಮೂಲ ದೋಷದಿಂದ ಆದವಲ್ಲ, ಹೀಗೆ ತಪ್ಪು ಜಾಗದಲ್ಲಿ ಕೈಹಾಕಿದ್ದರಿಂದ ಆದವು.

ಎಲ್ಲಕ್ಕೂ ಮೊದಲು ಪ್ರತಿ

ತಂತ್ರಾಂಶವನ್ನು ಮುಟ್ಟುವ ಮುನ್ನ ದತ್ತಾಂಶವನ್ನು ಎರಡು ಕಡೆ ಪ್ರತಿ ಮಾಡಿಕೊಳ್ಳಬೇಕು, ಮತ್ತು ಮುಂದಿನ ಪ್ರಯೋಗಗಳನ್ನೆಲ್ಲ ಪ್ರತಿಯ ಮೇಲೆಯೇ ಮಾಡಬೇಕು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಜೋಡಿ ಫೈಲುಗಳಲ್ಲಿ ಒಂದನ್ನು ಮಾತ್ರ ತರುವುದು. ಎಂಡ್‌ನೋಟ್‌ನಲ್ಲಿ ಇಎನ್‌ಎಲ್ ವಿಸ್ತರಣೆಯ ಫೈಲಿನ ಪಕ್ಕದಲ್ಲಿ ಅದೇ ಹೆಸರಿನ, ಡೇಟಾ ಎಂದು ಕೊನೆಗೊಳ್ಳುವ ಫೋಲ್ಡರ್ ಇರುತ್ತದೆ. ಪಿಡಿಎಫ್‌ಗಳು ಇರುವುದು ಅದರಲ್ಲಿ. ಪ್ರೋಸೈಟ್‌ನಲ್ಲಿ ಪಿಡಿಟಿ ಮತ್ತು ಪಿಡಿಎಕ್ಸ್, ರೆಫರೆನ್ಸ್ ಮ್ಯಾನೇಜರ್‌ನಲ್ಲಿ ಆರ್‌ಎಂಡಿ ಮತ್ತು ಆರ್‌ಎಂಎಕ್ಸ್ ಜೋಡಿಗಳು. ಇವು ಒಂದೇ ಫೋಲ್ಡರಿನಲ್ಲಿ, ಒಂದೇ ಹೆಸರಿನಲ್ಲಿ ಇರಬೇಕು. ಒಂದರ ಹೆಸರನ್ನು ಬದಲಿಸಿ ಇನ್ನೊಂದನ್ನು ಹಾಗೆಯೇ ಬಿಟ್ಟರೂ ಕೊಂಡಿ ತಪ್ಪುತ್ತದೆ.

ಯಂತ್ರ ಸತ್ತು ಡಿಸ್ಕ್ ಮಾತ್ರ ಉಳಿದಿದ್ದರೆ ಅದನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಸಿಗುತ್ತದೆ. ಕೊಳ್ಳುವ ಮೊದಲು ಡಿಸ್ಕಿನ ಹಿಂಭಾಗವನ್ನು ನೋಡಿಕೊಳ್ಳಬೇಕು: ಎರಡು ಸಾಲು ಸಣ್ಣ ಸೂಜಿಗಳಿದ್ದರೆ ಅದು ಐಡಿಇ, ಎಲ್ ಆಕಾರದ ಚಪ್ಪಟೆ ಕೊಂಡಿಯಿದ್ದರೆ ಸಾಟಾ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ ಯುಎಸ್‌ಬಿಯಿಂದ ಬರುವ ವಿದ್ಯುತ್ ಸಾಲುವುದಿಲ್ಲವಾದ್ದರಿಂದ, ಪ್ರತ್ಯೇಕ ಪವರ್ ಅಡಾಪ್ಟರ್ ಇರುವುದನ್ನೇ ಕೇಳಿ ತೆಗೆದುಕೊಳ್ಳಬೇಕು.

ಡಿಸ್ಕ್ ತೆರೆದ ಮೇಲೆ ಇನ್ನೊಂದು ಮರೆಯ ಜಾಗವನ್ನು ನೋಡಲೇಬೇಕು. ಹಳೆಯ ತಂತ್ರಾಂಶಗಳು ತಮ್ಮ ದತ್ತಾಂಶವನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನೊಳಗೇ ಬರೆಯುತ್ತಿದ್ದವು. ವಿಂಡೋಸ್ ವಿಸ್ತಾದಿಂದ ಈಚೆಗೆ ಅಲ್ಲಿ ಬರೆಯಲು ಸಾಮಾನ್ಯ ಬಳಕೆದಾರರಿಗೆ ಅನುಮತಿಯಿಲ್ಲ. ತಂತ್ರಾಂಶ ಮುಗ್ಗರಿಸದಿರಲೆಂದು ವಿಂಡೋಸ್ ಅದು ಬರೆದದ್ದನ್ನು ಸದ್ದಿಲ್ಲದೆ ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನ ಲೋಕಲ್ ಎಂಬುದರ ಒಳಗಿರುವ ವರ್ಚುವಲ್‌ಸ್ಟೋರ್‌ಗೆ ತಿರುಗಿಸುತ್ತದೆ. ಇದರಿಂದ ಒಂದೇ ಹೆಸರಿನ ಎರಡು ಫೈಲುಗಳು ಉಳಿಯುತ್ತವೆ: ಪ್ರೋಗ್ರಾಂ ಫೈಲ್ಸ್‌ನಲ್ಲಿ ಹಳತು, ವರ್ಚುವಲ್‌ಸ್ಟೋರ್‌ನಲ್ಲಿ ಹೊಸತು. ಅಧ್ಯಾಪಕಿಯವರ ಯಂತ್ರ ಮಧ್ಯದಲ್ಲೊಮ್ಮೆ ವಿಂಡೋಸ್ 7ಕ್ಕೆ ಏರಿತ್ತು. ನಾನು ಮೊದಲು ಪ್ರತಿ ಮಾಡಿಕೊಂಡ ಫೈಲಿನಲ್ಲಿ ಕೊನೆಯ ದಾಖಲೆ 2011ರದ್ದಾಗಿದ್ದುದನ್ನು ಕಂಡು ಅವರ ಮುಖ ಬಾಡಿತು. ಉಳಿದ ವರ್ಷಗಳ ಕೆಲಸ ವರ್ಚುವಲ್‌ಸ್ಟೋರ್‌ನಲ್ಲಿ ಕ್ಷೇಮವಾಗಿತ್ತು. ಹಾಗಾಗಿ ಡಿಸ್ಕ್ ಪೂರ್ತಿ ಹುಡುಕಿ, ಒಂದೇ ಹೆಸರಿನ ಫೈಲುಗಳೆಲ್ಲದರ ದಿನಾಂಕ ಮತ್ತು ಗಾತ್ರವನ್ನು ಹೋಲಿಸದೆ ಯಾವುದನ್ನೂ ಅಸಲಿ ಎಂದು ತೀರ್ಮಾನಿಸಬಾರದು.

ತಂತ್ರಾಂಶವೇ ಏಳದಿದ್ದರೆ

ಇನ್‌ಸ್ಟಾಲ್ ಮಾಡಹೊರಟಾಗ ಈ ಆ್ಯಪ್ ನಿಮ್ಮ ಕಂಪ್ಯೂಟರಿನಲ್ಲಿ ನಡೆಯದು ಎಂಬ ಸಂದೇಶ ಬಂದರೆ ಅದಕ್ಕೆ ಬಹುಮಟ್ಟಿಗೆ ಕಾರಣ ತೀರ ಹಳೆಯ ವಿಂಡೋಸ್‌ಗೆಂದು ಬರೆದ 16 ಬಿಟ್‌ನ ಕೋಡ್. 64 ಬಿಟ್ ವಿಂಡೋಸ್ 16 ಬಿಟ್ ತಂತ್ರಾಂಶಗಳನ್ನು ನಡೆಸುವುದಿಲ್ಲ. ವಿಂಡೋಸ್ 10ರಲ್ಲಿ 32 ಬಿಟ್ ಆವೃತ್ತಿಯೂ ಇತ್ತಾದ್ದರಿಂದ ಕೆಲವರು ಅದನ್ನು ಹಾಕಿಕೊಂಡು ದಾರಿ ಮಾಡಿಕೊಂಡಿದ್ದರು. 2021ರಲ್ಲಿ ಬಂದ ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೆ ಇಲ್ಲಿ ಅವಸರದ ನಿರ್ಣಯ ಬೇಡ. 1990ರ ದಶಕದ ಕೊನೆಯ ಎಷ್ಟೋ ತಂತ್ರಾಂಶಗಳು ತಾವು 32 ಬಿಟ್‌ನವೇ ಆಗಿದ್ದು, ಅವುಗಳ ಇನ್‌ಸ್ಟಾಲರ್ ಮಾತ್ರ 16 ಬಿಟ್‌ನದ್ದಾಗಿತ್ತು. ಅಂಥ ಕೆಲವು ಇನ್‌ಸ್ಟಾಲರ್‌ಗಳನ್ನು ವಿಂಡೋಸ್ ತಾನೇ ಗುರುತಿಸಿ 32 ಬಿಟ್‌ನ ಬದಲಿಯನ್ನು ನಡೆಸುತ್ತದೆ, ಉಳಿದವನ್ನು ನಿರಾಕರಿಸುತ್ತದೆ. ಇನ್‌ಸ್ಟಾಲರ್ ಏಳದಿದ್ದ ಮಾತ್ರಕ್ಕೆ ತಂತ್ರಾಂಶವೂ ನಡೆಯದೆಂದು ತಿಳಿಯಬೇಕಾಗಿಲ್ಲ.

ಹಳೆಯ ಡಿಸ್ಕಿನಿಂದ ತಂತ್ರಾಂಶದ ಫೋಲ್ಡರನ್ನು ಹಾಗೆಯೇ ಎತ್ತಿ ಹೊಸದರಲ್ಲಿಟ್ಟು ನೋಡುವುದು ತಪ್ಪಲ್ಲ. ಸರಳವಾಗಿ ಕಟ್ಟಿದವು ಕೆಲವೊಮ್ಮೆ ಹಾಗೆಯೇ ನಡೆಯುತ್ತವೆ. ವಿಂಡೋಸ್‌ನ ಸೆಟ್ಟಿಂಗ್‌ಗಳ ಕೋಶವಾದ ರಿಜಿಸ್ಟ್ರಿಯಲ್ಲಿ ತಮ್ಮ ವಿವರ ಹುಡುಕುವವು ಮಾತ್ರ ಲೈಸೆನ್ಸ್ ಕೇಳುತ್ತವೆ ಅಥವಾ ಯಾವುದೋ ಸಹಾಯಕ ಫೈಲಾದ ಡಿಎಲ್‌ಎಲ್ ಇಲ್ಲವೆಂದು ನಿಲ್ಲುತ್ತವೆ. ಆ ಡಿಎಲ್‌ಎಲ್ ಅನ್ನು ಅಂತರ್ಜಾಲದ ಎಲ್ಲೋ ಒಂದು ತಾಣದಿಂದ ಇಳಿಸಿಕೊಳ್ಳುವ ಕೆಲಸಕ್ಕೆ ಯಾರೂ ಹೋಗಬಾರದು. ಹಳೆಯ ಡಿಸ್ಕಿನಲ್ಲೇ ಅದು ಇರುತ್ತದೆ.

ಸಿಡಿ ಇದ್ದು ಹೊಸ ಲ್ಯಾಪ್‌ಟಾಪಿನಲ್ಲಿ ಸಿಡಿ ಡ್ರೈವ್ ಇಲ್ಲದಿದ್ದರೆ, ಡ್ರೈವ್ ಇರುವ ಯಾವುದಾದರೂ ಯಂತ್ರದಲ್ಲಿ ಅದರಲ್ಲಿರುವುದನ್ನೆಲ್ಲ ಒಂದೇ ಫೈಲಾಗಿಸುವ ಐಎಸ್‌ಒ ಪ್ರತಿ ಮಾಡಿಕೊಂಡರೆ ಸಾಕು. ಅಕ್ಷರ ಮತ್ತು ಗುಂಡಿಗಳು ಇರುವೆಯಷ್ಟು ಸಣ್ಣದಾಗಿ ಕಂಡರೆ ತಂತ್ರಾಂಶದ ಪ್ರಾಪರ್ಟೀಸ್‌ನಲ್ಲಿರುವ ಕಂಪ್ಯಾಟಿಬಿಲಿಟಿ ವಿಭಾಗಕ್ಕೆ ಹೋಗಿ ಹೈ ಡಿಪಿಐ ಅಳತೆಯ ಹೊಣೆಯನ್ನು ತಂತ್ರಾಂಶದಿಂದ ಸಿಸ್ಟಂಗೆ ವಹಿಸಬೇಕು. ಆಪಲ್ ಕಂಪ್ಯೂಟರಿನವರಿಗೆ ದಾರಿ ಇನ್ನೂ ಕಿರಿದು: 2019ರ ಕೆಟಲಿನಾದಿಂದ ಈಚೆಗೆ ಮ್ಯಾಕ್‌ನಲ್ಲಿ 32 ಬಿಟ್ ತಂತ್ರಾಂಶ ನಡೆಯುವುದೇ ಇಲ್ಲ.

ಏಳುತ್ತದೆ, ಆದರೆ ಫೈಲು ತೆರೆಯದು

ಇಲ್ಲಿ ಹೆಚ್ಚಿನ ಪ್ರಸಂಗಗಳಲ್ಲಿ ಫೈಲು ಕೆಟ್ಟಿರುವುದಿಲ್ಲ, ಇಟ್ಟಿರುವ ಜಾಗ ಸರಿಯಿರುವುದಿಲ್ಲ. ಹೊಸ ವಿಂಡೋಸ್‌ನಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರ್ ಅನೇಕ ವೇಳೆ ಬಳಕೆದಾರರ ಅರಿವಿಗೆ ಬಾರದಂತೆಯೇ ಒನ್‌ಡ್ರೈವ್‌ನೊಳಗೆ ಸೇರಿರುತ್ತದೆ. ತಂತ್ರಾಂಶ ಬರೆಯುತ್ತಿರುವಾಗಲೇ ಒನ್‌ಡ್ರೈವ್ ಅದೇ ಫೈಲನ್ನು ಮೇಲಕ್ಕೆ ಕಳುಹಿಸಲು ಹಿಡಿದುಕೊಂಡರೆ ಫೈಲು ಬೀಗ ಬಿದ್ದಂತೆ ವರ್ತಿಸುತ್ತದೆ. ಜೋಡಿಯಲ್ಲಿ ಒಂದು ಹೊಸದಾಗಿ ಇನ್ನೊಂದು ಹಳೆಯದಾಗಿ ಉಳಿದರೆ ನಿಜವಾಗಿಯೂ ಕೆಡುತ್ತದೆ. ಎರಡನೆಯ ಕಾರಣ ಕನ್ನಡಿಗರಿಗೇ ವಿಶೇಷವಾಗಿ ಕಾಡುವಂಥದ್ದು: ಬಳಕೆದಾರರ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದರೆ ಆ ಫೋಲ್ಡರಿನ ದಾರಿಯಲ್ಲಿ ಕನ್ನಡ ಅಕ್ಷರಗಳು ಬರುತ್ತವೆ, ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತವ್ಯವಸ್ಥೆಯಾದ ಯೂನಿಕೋಡ್ ಅರಿಯದ ತಂತ್ರಾಂಶಕ್ಕೆ ಆ ದಾರಿ ಕಾಣುವುದೇ ಇಲ್ಲ. ಸಿ ಡ್ರೈವಿನ ಮೇಲ್ಮಟ್ಟದಲ್ಲಿ ಇಂಗ್ಲಿಷ್ ಅಕ್ಷರಗಳ, ಚಿಕ್ಕ ಹೆಸರಿನ ಒಂದು ಫೋಲ್ಡರ್ ಮಾಡಿ, ಪ್ರತಿಯನ್ನು ಅಲ್ಲಿಟ್ಟು, ರೀಡ್ ಓನ್ಲಿ ಗುರುತು ಇದ್ದರೆ ತೆಗೆದು, ಮತ್ತೆ ತೆರೆದು ನೋಡಬೇಕು. ಈ ಒಂದು ಪರೀಕ್ಷೆ ಮಾಡುವ ತನಕ ತಂತ್ರಾಂಶದಲ್ಲಿರುವ ರಿಪೇರಿ ಆಯ್ಕೆಯನ್ನು ಒತ್ತಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕನ್ನಡ ಅಕ್ಷರಗಳು ಕಲಸಿಹೋದಾಗ

ಇದು ಬೇರೆ ಭಾಷೆಯವರ ಕೈಪಿಡಿಗಳಲ್ಲಿ ಸಿಗದ ಭಾಗವಾದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನಮ್ಮವರು ಕನ್ನಡ ಶೀರ್ಷಿಕೆಗಳನ್ನು ನುಡಿ ಅಥವಾ ಬರಹ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಫಾಂಟ್‌ಗಳಲ್ಲಿ ತುಂಬುತ್ತಿದ್ದರು. ಆಗ ಫೈಲಿನೊಳಗೆ ಕೂರುತ್ತಿದ್ದುದು ಕನ್ನಡವಲ್ಲ, ಕನ್ನಡದ ಆಕಾರ ತೊಟ್ಟ ಪಾಶ್ಚಾತ್ಯ ಚಿಹ್ನೆಗಳು. ನುಡಿಯಲ್ಲಿ ಬರೆದ 'ಕನ್ನಡ' ಎಂಬ ಪದವನ್ನು ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಮೊದಲು ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆಗೀಟಿರುವ ಎ, ಆಮೇಲೆ ಬ್ರಿಟಿಷ್ ಪೌಂಡಿನ ಗುರುತು, ನಕಾರದ ಒತ್ತಿನ ಜಾಗದಲ್ಲಿ ಜರ್ಮನ್ ಭಾಷೆಯ ಎಸ್‌ಜೆಟ್ ಅಕ್ಷರ, ಕೊನೆಗೆ ಸಣ್ಣ ಕ್ಯೂ ಮತ್ತು ಮತ್ತೆ ಅದೇ ಎ ಹೀಗೆ ಕಾಣುತ್ತದೆ. ಇದನ್ನು ಕಂಡು ದತ್ತಾಂಶ ಕೆಟ್ಟಿತೆಂದು ಹೆದರಬಾರದು. ಹಳೆಯ ನುಡಿ ಫಾಂಟನ್ನು ಹೊಸ ಯಂತ್ರದಲ್ಲಿ ಹಾಕಿ, ತಂತ್ರಾಂಶದ ಪ್ರದರ್ಶನ ಫಾಂಟನ್ನು ಅದಕ್ಕೆ ಬದಲಿಸಿದರೆ ಅಕ್ಷರಗಳು ಮರಳಿ ಬರುತ್ತವೆ.

ಹಾಗೂ ಬಾರದಿದ್ದರೆ ವಿಂಡೋಸ್‌ನ ರೀಜನ್ ಸೆಟ್ಟಿಂಗ್ಸ್‌ನಲ್ಲಿ ಯೂನಿಕೋಡ್ ಅಲ್ಲದ ತಂತ್ರಾಂಶಗಳಿಗೆ ಸಂಬಂಧಿಸಿದ ಭಾಗವನ್ನು ನೋಡಬೇಕು. ಜಗತ್ತಿನ ಎಲ್ಲ ಭಾಷೆಗಳಿಗೆ ಯೂನಿಕೋಡಿನ ಒಂದು ರೂಪವಾದ ಯುಟಿಎಫ್-8 ಬಳಸುವ, ಬೀಟಾ ಎಂದು ಗುರುತಿಸಿದ ಒಂದು ಚೌಕ ಅಲ್ಲಿದೆ. ಕನ್ನಡಕ್ಕೆ ಒಳ್ಳೆಯದೆಂದು ಅದನ್ನು ಗುರುತು ಹಾಕಿರುವವರಿದ್ದಾರೆ. ಹೊಸ ತಂತ್ರಾಂಶಗಳಿಗೆ ಅದರಿಂದ ತೊಂದರೆಯಿಲ್ಲ, ಆದರೆ ಹಳೆಯ ತಂತ್ರಾಂಶ ನಿರೀಕ್ಷಿಸುವುದು ವಿಂಡೋಸ್ 1252 ಎಂಬ ಕೋಡ್ ಪೇಜನ್ನು, ಅಂದರೆ ಹಳೆಯ ಅಕ್ಷರಸಂಕೇತಗಳ ಪಟ್ಟಿಯನ್ನು. ಚೌಕದ ಗುರುತು ತೆಗೆದು ಯಂತ್ರವನ್ನು ಮರುಚಾಲನೆ ಮಾಡಬೇಕು.

ನಿಜವಾದ ಅಪಾಯವಿರುವುದು ರಫ್ತು ಮಾಡಿದ ಪಠ್ಯದ ಫೈಲಿನಲ್ಲಿ. ಹಳೆಯ ತಂತ್ರಾಂಶ 1252ರಲ್ಲಿ ಬರೆದ ಫೈಲನ್ನು ಪಠ್ಯ ತಿದ್ದುವ ಹೊಸ ಸಂಪಾದಕ ತಂತ್ರಾಂಶವೊಂದು ಯುಟಿಎಫ್-8 ಎಂದು ತೆರೆದರೆ, ಪೌಂಡಿನ ಗುರುತಿನಂಥ ಬೈಟುಗಳು ಅದಕ್ಕೆ ಅರ್ಥವಾಗದೆ ಅಲ್ಲೆಲ್ಲ ಪ್ರಶ್ನಾರ್ಥಕವಿರುವ ಕಪ್ಪು ವಜ್ರಗಳು ಕಾಣುತ್ತವೆ. ಉಳಿಸದೆ ಮುಚ್ಚಿದರೆ ಏನೂ ಹೋಗಿಲ್ಲ. ಉಳಿಸಿದರೆ ಅಷ್ಟೂ ಅಕ್ಷರಗಳು ಒಂದೇ ಗುರುತಾಗಿ ಬದಲಾಗಿ, ಯಾವುದು ಯಾವುದಾಗಿತ್ತೆಂದು ಹೇಳಲು ಯಾರಿಂದಲೂ ಆಗದು. ಆದ್ದರಿಂದ ಸಂಪಾದಕದಲ್ಲಿ ಎನ್‌ಕೋಡಿಂಗ್ ಅನ್ನು ಕೈಯಾರೆ 1252 ಎಂದು ಆರಿಸಿಯೇ ತೆರೆಯಬೇಕು.

ಆಮೇಲೆ ಯೂನಿಕೋಡ್‌ಗೆ ಪರಿವರ್ತನೆ. ಪರಿವರ್ತಕಕ್ಕೆ ಇಡೀ ಫೈಲನ್ನು ಒಪ್ಪಿಸಬಾರದು. ಒಪ್ಪಿಸಿದರೆ ಇಂಗ್ಲಿಷ್ ಶೀರ್ಷಿಕೆಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಕನ್ನಡ ಇರುವ ಸಾಲುಗಳನ್ನಷ್ಟೇ ಬೇರ್ಪಡಿಸಿ, ಅದು ಯಾವ ವಿವರವೆಂದು ತೋರಿಸಲು ಸಾಲಿನ ಆರಂಭದಲ್ಲಿರುವ ಗುರುತಕ್ಷರಗಳನ್ನು ಬಿಟ್ಟು ಪರಿವರ್ತಿಸಬೇಕು. ಮುಗಿದ ಮೇಲೆ ಮೊದಲು ಹುಡುಕಬೇಕಾದದ್ದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ಮುಂಚೆ ಬರುತ್ತದೆ. ಪರಿವರ್ತಕ ಇದನ್ನು ಅರಿಯದೆ ಚಿಹ್ನೆಗೆ ಚಿಹ್ನೆ ಬದಲಿಸಿದ್ದರೆ 'ಕರ್ನಾಟಕ' ಎಂಬುದು 'ಕನಾರ್ಟಕ' ಎಂದಾಗಿರುತ್ತದೆ. ಅಧ್ಯಾಪಕಿಯವರ ಪಟ್ಟಿಯಲ್ಲಿ ಈ ಒಂದು ಪದ ಹುಡುಕಿದ್ದಕ್ಕೇ ಪರಿವರ್ತಕವನ್ನು ಬದಲಿಸಬೇಕೆಂದು ತಿಳಿಯಿತು.

ವರ್ಡ್ ಜೊತೆಗಿನ ಕೊಂಡಿ

ತಂತ್ರಾಂಶ ನಡೆಯುತ್ತದೆ, ದಾಖಲೆಗಳು ಕಾಣುತ್ತವೆ, ವರ್ಡ್‌ನಲ್ಲಿ ಮಾತ್ರ ಅದರ ಗುಂಡಿಗಳ ಪಟ್ಟಿ ಕಾಣದು ಎಂದಾದರೆ ಮೊದಲು ಆಫೀಸ್‌ನ ಬಿಟ್ ನೋಡಬೇಕು. ಆಫೀಸ್ 2019ರಿಂದ ತಾನಾಗಿ ಸ್ಥಾಪನೆಯಾಗುವುದು 64 ಬಿಟ್ ಆವೃತ್ತಿ. 32 ಬಿಟ್‌ಗೆಂದು ಬರೆದ, ವರ್ಡ್‌ಗೆ ಈ ಕೊಂಡಿ ಒದಗಿಸುವ ಆ್ಯಡ್‌ಇನ್ ಅದರಲ್ಲಿ ಏಳುವುದಿಲ್ಲ. ವಿಂಡೋಸ್ 64 ಬಿಟ್ ಆಗಿದ್ದರೂ ಆಫೀಸನ್ನು 32 ಬಿಟ್‌ನಲ್ಲಿ ಹಾಕಿಕೊಳ್ಳಲು ಅಡ್ಡಿಯಿಲ್ಲ. ಎಷ್ಟೋ ಸಲ ಇಷ್ಟರಿಂದಲೇ ಕೆಲಸವಾಗುತ್ತದೆ. ಬಿಟ್ ಸರಿಯಿದ್ದೂ ಕಾಣದಿದ್ದರೆ ವರ್ಡ್ ಆಯ್ಕೆಗಳ ಆ್ಯಡ್‌ಇನ್ಸ್ ವಿಭಾಗದಲ್ಲಿ ನಿಷ್ಕ್ರಿಯವಾದವುಗಳ ಪಟ್ಟಿಯನ್ನು ತೆರೆದು ನೋಡಬೇಕು, ಏಕೆಂದರೆ ಒಮ್ಮೆ ಕುಸಿದ ಆ್ಯಡ್‌ಇನ್ ಅನ್ನು ವರ್ಡ್ ತಾನೇ ಅಲ್ಲಿಗೆ ಸರಿಸಿಬಿಡುತ್ತದೆ.

ಕೊಂಡಿ ಹೇಗೆ ಕಟ್ಟಿದೆಯೆಂದು ತಿಳಿದರೆ ಮಾತ್ರ ಅದನ್ನು ಕೆಡಿಸದೆ ಉಳಿಸಬಹುದು. ವರ್ಡ್ ಫೈಲಿನಲ್ಲಿ ಆಲ್ಟ್ ಮತ್ತು ಎಫ್9 ಒತ್ತಿದರೆ ಉಲ್ಲೇಖಗಳ ಹಿಂದಿರುವ ಫೀಲ್ಡ್ ಕೋಡ್‌ಗಳು ಹೊರಬರುತ್ತವೆ. ಎಂಡ್‌ನೋಟ್‌ನಲ್ಲಿ ಬಿಡಿಸಿದ ರೂಪದ ಉಲ್ಲೇಖವೆಂದರೆ ಪುಷ್ಪಾವರಣದೊಳಗೆ ಲೇಖಕರ ಹೆಸರು, ವರ್ಷ, ಮತ್ತು ಒಂದು ದಾಖಲೆ ಸಂಖ್ಯೆ. ರೈಸ್, 1886, 42 ಎಂದಿದ್ದರೆ ಆ ಗ್ರಂಥಾಲಯದ, ಅಂದರೆ ತಂತ್ರಾಂಶದಲ್ಲಿ ದಾಖಲೆಗಳನ್ನಿಟ್ಟ ಫೈಲಿನ, 42ನೆಯ ದಾಖಲೆ ಎಂದರ್ಥ. ಗಂಟು ಬಿಗಿದಿರುವುದು ಈ ಸಂಖ್ಯೆಗೇ. ದಾಖಲೆಗಳನ್ನೆಲ್ಲ ರಫ್ತು ಮಾಡಿ ಹೊಸ ಗ್ರಂಥಾಲಯಕ್ಕೆ ಆಮದು ಮಾಡಿಕೊಂಡರೆ ಪಟ್ಟಿ ಮೊದಲಿನಂತೆಯೇ ಕಾಣುತ್ತದೆ, ಸಂಖ್ಯೆಗಳು ಮಾತ್ರ ಹೊಸದಾಗಿ ಬೀಳುತ್ತವೆ. ಆಗ ಪ್ರಬಂಧದ ಉಲ್ಲೇಖಗಳು ತಮ್ಮ ದಾಖಲೆಯನ್ನು ಕಾಣದೆ ನಿಲ್ಲುತ್ತವೆ. ಬರೆಯುತ್ತಿರುವ ಪ್ರಬಂಧ ಇನ್ನೂ ಮುಗಿದಿಲ್ಲವಾದರೆ ಮೂಲ ಗ್ರಂಥಾಲಯದ ಫೈಲನ್ನೇ ಬಳಸಬೇಕು, ಆಮದು ಮಾಡಿದ ಪ್ರತಿಯನ್ನಲ್ಲ.

ಇದೇ ರಚನೆಯಲ್ಲಿ ಒಂದು ಆಸರೆಯೂ ಇದೆ. ಎಂಡ್‌ನೋಟ್ ಅಚ್ಚುಕಟ್ಟುಗೊಳಿಸಿದ ಉಲ್ಲೇಖಗಳ ಫೀಲ್ಡ್ ಕೋಡ್‌ಗಳೊಳಗೆ ಆಯಾ ದಾಖಲೆಯ ವಿವರಗಳನ್ನೂ ಅಡಗಿಸಿಡುತ್ತದೆ. ಗ್ರಂಥಾಲಯದ ಫೈಲು ಪೂರ್ತಿ ಕಳೆದುಹೋದರೂ, ಪ್ರಬಂಧದಲ್ಲಿ ಉಲ್ಲೇಖಿಸಿದಷ್ಟು ದಾಖಲೆಗಳನ್ನು ವರ್ಡ್ ಫೈಲಿನಿಂದಲೇ ಹೊಸ ಗ್ರಂಥಾಲಯವಾಗಿ ಹೊರತೆಗೆಯುವ ಆಯ್ಕೆ ಅದರ ಪಟ್ಟಿಯಲ್ಲಿದೆ. ಫೀಲ್ಡ್‌ಗಳನ್ನು ಸಾದಾ ಪಠ್ಯವಾಗಿ ಬದಲಿಸಿದ ಪ್ರತಿಯಲ್ಲಿ ಇದು ಸಾಧ್ಯವಿಲ್ಲ. ಪ್ರಕಾಶಕರಿಗೆ ಸಾದಾ ಪ್ರತಿ ಕಳುಹಿಸಿದರೂ, ಫೀಲ್ಡ್‌ಗಳಿರುವ ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳಲೇಬೇಕು.

ವರ್ಚುವಲ್ ಯಂತ್ರ

ಮೇಲಿನ ಯಾವುದೂ ಆಗದಿದ್ದರೆ ಹೊಸ ಕಂಪ್ಯೂಟರಿನೊಳಗೆ ಹಳೆಯದೊಂದನ್ನು ಕಟ್ಟುವುದೇ ಸರಿಯಾದ ಮಾರ್ಗ. ಇದಕ್ಕೆಂದೇ ಇರುವ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕಿ, 512 ಎಂಬಿ ಮೆಮೊರಿ ಕೊಟ್ಟರೆ ಇಂಥ ತಂತ್ರಾಂಶಕ್ಕೆ ಧಾರಾಳವಾಯಿತು. ಎಕ್ಸ್‌ಪಿಗೆ ಸರಿಯಾದ ಲೈಸೆನ್ಸ್ ಕೀ ಬೇಕು. ಹಳೆಯ ಯಂತ್ರದ ಡಬ್ಬದ ಮೇಲೆ ಅಂಟಿಸಿದ ಚೀಟಿಯನ್ನು ಗುಜರಿಗೆ ಹಾಕುವ ಮೊದಲು ಫೋಟೊ ತೆಗೆದುಕೊಳ್ಳಬೇಕು. ಎಕ್ಸ್‌ಪಿಗೆ ಭದ್ರತಾ ಪರಿಷ್ಕರಣೆ ನಿಂತದ್ದು 2014ರ ಏಪ್ರಿಲ್ 8ರಂದು, ಆದ್ದರಿಂದ ಈ ಒಳಯಂತ್ರಕ್ಕೆ ನೆಟ್‌ವರ್ಕ್ ಕೊಡಲೇಬಾರದು. ಫೈಲು ಸಾಗಿಸಲು ಹಂಚಿಕೆಯ ಫೋಲ್ಡರ್ ಸಾಕು.

ಒಳಯಂತ್ರ ತೀರಾ ನಿಧಾನವಾಗಿ ನಡೆದರೆ ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರವಿದೆಯೇ ನೋಡಬೇಕು. ಆಮೆ ಕಂಡರೆ ವಿಂಡೋಸ್‌ನದೇ ವರ್ಚುವಲ್ ಯಂತ್ರ ವ್ಯವಸ್ಥೆಯಾದ ಹೈಪರ್-ವಿ ಪ್ರೊಸೆಸರಿನ ಸೌಲಭ್ಯವನ್ನು ತಾನು ಹಿಡಿದುಕೊಂಡಿದೆ ಎಂದರ್ಥ. ದಿನಕ್ಕೆ ಹತ್ತು ದಾಖಲೆ ತುಂಬುವವರು ಅದನ್ನು ಸಹಿಸಿಕೊಳ್ಳಬಹುದು. ಇಡೀ ಪುಸ್ತಕದ ಅಡಿಟಿಪ್ಪಣಿ ಕಟ್ಟುವವರು ಹೈಪರ್-ವಿಯನ್ನು ನಿಲ್ಲಿಸುವ ವಿಚಾರ ಮಾಡಬಹುದು, ಆದರೆ ಅದರಿಂದ ವಿಂಡೋಸ್‌ನ ಕೆಲವು ರಕ್ಷಣಾ ಸೌಲಭ್ಯಗಳೂ ನಿಲ್ಲುತ್ತವೆ ಎಂಬುದನ್ನು ತಿಳಿದೇ ಮಾಡಬೇಕು.

ತಂತ್ರಾಂಶದೊಳಗಿನಿಂದಲೇ ಹೊರಗಿನ ಗ್ರಂಥಾಲಯಗಳ ಆನ್‌ಲೈನ್ ಪುಸ್ತಕಸೂಚಿಗಳಲ್ಲಿ ಹುಡುಕುವ ಸೌಲಭ್ಯ ಕೆಲಸ ಮಾಡದಿರುವುದು ದೋಷವಲ್ಲ. ಇಂದಿನ ಸರ್ವರುಗಳು ಕೇಳುವ ಸುರಕ್ಷಿತ ಸಂಪರ್ಕದ ವಿಧಾನವಾದ ಟಿಎಲ್‌ಎಸ್ 1.2 ಹಳೆಯದಕ್ಕೆ ತಿಳಿಯದು. ಅದರ ಹಿಂದೆ ಬೀಳದೆ, ಹುಡುಕಾಟವನ್ನು ಹೊಸ ಬ್ರೌಸರಿನಲ್ಲಿ ಮಾಡಿ, ಫಲಿತಾಂಶವನ್ನು ಆಕರಗಳ ವಿವರ ಸಾಗಿಸಲು ಬಳಸುವ ಆರ್‌ಐಎಸ್ ರೂಪದಲ್ಲಿ ಇಳಿಸಿಕೊಂಡು ಒಳಗೆ ಆಮದು ಮಾಡಿಕೊಳ್ಳುವುದು ಸುಲಭ.

ಹೊಸದಕ್ಕೆ ಸಾಗಿಸುವಾಗ

ಹಳೆಯದನ್ನು ನಡೆಸುತ್ತಲೇ ದಾಖಲೆಗಳ ಒಂದು ಆರ್‌ಐಎಸ್ ರಫ್ತನ್ನು ವರ್ಷಕ್ಕೊಮ್ಮೆಯಾದರೂ ತೆಗೆದಿಡಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದು ಸಾದಾ ಪಠ್ಯ. ಪ್ರತಿ ದಾಖಲೆ ಟಿವೈ ಎಂಬ ಸಾಲಿನಿಂದ ಆರಂಭವಾಗಿ ಇಆರ್ ಎಂಬ ಸಾಲಿನಿಂದ ಮುಗಿಯುತ್ತದೆ. ಇಆರ್ ಸಾಲುಗಳ ಎಣಿಕೆ ತಂತ್ರಾಂಶ ತೋರಿಸುವ ದಾಖಲೆಗಳ ಸಂಖ್ಯೆಗೆ ಸರಿಹೊಂದಬೇಕು, ಒಂದು ಕಡಿಮೆಯಾದರೂ ಯಾವುದು ಬಿಟ್ಟುಹೋಯಿತೆಂದು ಹುಡುಕಬೇಕು. ಈಗಿನ ಆಕರಸೂಚಿ ತಂತ್ರಾಂಶವಾದ ಜೊಟೆರೊ ಈ ರೂಪವನ್ನು ಚೆನ್ನಾಗಿ ಓದುತ್ತದೆ. ಗುಂಪುಗಳು, ಲಗತ್ತಿಸಿದ ಪಿಡಿಎಫ್‌ಗಳು, ಬಳಕೆದಾರರು ತಾವೇ ಹೆಸರಿಟ್ಟುಕೊಂಡ ಅಂಕಣಗಳು ಮಾತ್ರ ಆರ್‌ಐಎಸ್ ದಾಟುವಾಗ ಉದುರುತ್ತವೆ ಅಥವಾ ಟಿಪ್ಪಣಿಯಲ್ಲಿ ಸೇರಿಹೋಗುತ್ತವೆ. ಶಾಸನ ಸಂಶೋಧಕರು ಶಾಸನದ ಸಂಖ್ಯೆ, ತಾಲ್ಲೂಕು ಮತ್ತು ಶಕವರ್ಷಗಳನ್ನು ಇಂಥ ಅಂಕಣಗಳಲ್ಲೇ ಇಟ್ಟಿರುತ್ತಾರಾದ್ದರಿಂದ, ಮೊದಲು ಹತ್ತು ದಾಖಲೆಗಳನ್ನಷ್ಟೇ ಸಾಗಿಸಿ ಆ ವಿವರಗಳು ಎಲ್ಲಿ ಇಳಿದವೆಂದು ನೋಡಿಕೊಳ್ಳಬೇಕು. ವರ್ಡ್ ಫೈಲಿನಲ್ಲಿರುವ ಎಂಡ್‌ನೋಟ್ ಉಲ್ಲೇಖಗಳನ್ನು ಜೊಟೆರೊ ತನ್ನದಾಗಿ ಮಾಡಿಕೊಳ್ಳುವುದಿಲ್ಲ. ಅರ್ಧ ಬರೆದ ಪ್ರಬಂಧವನ್ನು ಹಳೆಯದರಲ್ಲೇ ಮುಗಿಸಿ, ಹೊಸ ಲೇಖನವನ್ನು ಹೊಸದರಲ್ಲಿ ಆರಂಭಿಸುವುದು ಲೇಸು.

ಅಧ್ಯಾಪಕಿಯವರ ವಿಷಯದಲ್ಲಿ ನಾವು ಮಾಡಿದ್ದು ಅದನ್ನೇ. ಪುಸ್ತಕ ಮುಗಿಯುವವರೆಗೆ ಎಕ್ಸ್‌ಪಿಯ ಒಳಯಂತ್ರ, ಅದರೊಳಗೆ ಅವರ ಹಳೆಯ ತಂತ್ರಾಂಶ ಮತ್ತು ಹಳೆಯ ವರ್ಡ್. ಮೂರನೆಯ ಅಧ್ಯಾಯವನ್ನು ತೆರೆದು ಅಡಿಟಿಪ್ಪಣಿಗಳನ್ನು ಹೊಸದಾಗಿ ಕಟ್ಟಿಸಿ, ಅವರ ಬಳಿಯಿದ್ದ ಅಚ್ಚಿನ ಕರಡಿನೊಡನೆ ಸಾಲು ಸಾಲಾಗಿ ಹೋಲಿಸಿದೆವು. ಅವರು ಓದುತ್ತಾ ಹೋದರು, ನಾನು ಪರದೆಯ ಮೇಲೆ ಬೆರಳಿಟ್ಟುಕೊಂಡು ಹೋದೆ. ಎರಡು ಕಡೆ ಪುಟಸಂಖ್ಯೆ ಬೇರೆಯಾಗಿತ್ತು, ಅವನ್ನು ಅವರೇ ಕರಡಿನ ನಂತರ ತಿದ್ದಿದ್ದರೆಂದು ನೆನಪಾಯಿತು. ಒಳಯಂತ್ರದ ಇಡೀ ಫೈಲಿನ ಪ್ರತಿ ಈಗ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ, ಒಂದು ಅವರ ಮನೆಯಲ್ಲೂ ಇನ್ನೊಂದು ಅವರ ಮಗಳ ಮನೆಯಲ್ಲೂ ಇದೆ. ಪ್ರತಿ ಡಿಸ್ಕಿನ ಜೊತೆ ಒಂದು ಹಾಳೆಯಲ್ಲಿ ಲೈಸೆನ್ಸ್ ಕೀ, ಪಾಸ್‌ವರ್ಡ್, ವರ್ಚುವಲ್‌ಬಾಕ್ಸ್‌ನ ಆವೃತ್ತಿ ಮತ್ತು ದಾಖಲೆಗಳ ಒಟ್ಟು ಎಣಿಕೆಯನ್ನು ಪೆನ್ನಿನಲ್ಲಿ ಬರೆದಿಟ್ಟಿದ್ದೇವೆ.